ಮುರಿದ ಯುದ್ಧವಿಮಾನ ಮತ್ತೆ ಹಾರಬೇಕಾದರೆ

ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದ ವಿಮಾನನೆಲೆಯಲ್ಲಿ ಲಿಬರೇಟರ್ ಬಾಂಬರುಗಳ ದೊಡ್ಡ ಹಿಂಡೇ ನಿಂತುಹೋಗಿತ್ತು. ಅಮೆರಿಕದಲ್ಲಿ ತಯಾರಾಗಿ, ಲೆಂಡ್-ಲೀಸ್ ಒಪ್ಪಂದದಂತೆ ಬ್ರಿಟಿಷ್ ವಾಯುಪಡೆಗೆ ಎರವಲು ಬಂದಿದ್ದ ವಿಮಾನಗಳು ಅವು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು ಎಂಬುದು ಕರಾರು. ಅಷ್ಟು ದೂರ ವಾಪಸು ಒಯ್ಯುವುದು ಯಾರಿಗೂ ಬೇಡವಾಗಿತ್ತು. ಹಾಗಾಗಿ ಹೊರಡುವ ಮುಂಚೆ ಅವನ್ನು ಬೇಕೆಂದೇ ಕೆಡಿಸಲಾಯಿತು. ಕಾಕ್‌ಪಿಟ್ಟಿನ ಮಾಪಕಗಳನ್ನು ಒಡೆದರು, ಮೈಗೆ ತೂತು ಕೊರೆದರು, ಎಂಜಿನ್ನುಗಳೊಳಕ್ಕೆ ಮರಳು ಸುರಿದರು.

1948ರಲ್ಲಿ, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ, ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಭಾರಿ ಬಾಂಬರುಗಳು ಬೇಕಾದವು. ಆಗ ಆ ಗುಜರಿಯತ್ತ ಕಣ್ಣು ಹಾಯಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆಲ ಮತ್ತು ಬಂಡವಾಳದ ನೆರವಿನಿಂದ ಕಟ್ಟಿದ ಕಾರ್ಖಾನೆ ಅದು. ನಂಜನಗೂಡು, ತಿ. ನರಸೀಪುರ ಸೀಮೆಯ ರೈತರು ಕಟ್ಟಿದ ಕಂದಾಯವೂ ಸಂಸ್ಥಾನದ ಅದೇ ಖಜಾನೆಗೆ ಸೇರುತ್ತಿತ್ತು. ಅದೇ ಸೀಮೆಯ ಊರಾದ ಹೆಡತಲೆಯ ಓದುಗರಿಗೆ ಇದು ದೂರದವರ ಕತೆಯಲ್ಲ.

ಕಾನ್ಪುರಕ್ಕೆ ಹೋದ ಬೆಂಗಳೂರಿನ ತಂಡ ಒಂದು ವಿಮಾನದ ರೆಕ್ಕೆಯ ಭಾಗ, ಇನ್ನೊಂದರ ಚಕ್ರ, ಮತ್ತೊಂದರ ಮಾಪಕ ಎಂದು ಹೆಕ್ಕಿ ಹೆಕ್ಕಿ ಜೋಡಿಸಿತು. ಒಂದೇ ಮಾದರಿಯ ವಿಮಾನಗಳು ಅಷ್ಟೊಂದು ಇದ್ದದ್ದರಿಂದ ಗುಜರಿಯೇ ಬಿಡಿಭಾಗಗಳ ಉಗ್ರಾಣವಾಯಿತು. ಒಂದು ಸಲ ಹಾರಿ ಬೆಂಗಳೂರು ಮುಟ್ಟುವಷ್ಟು ಮಾತ್ರ ಅಲ್ಲಿ ರಿಪೇರಿ. ನಿಜವಾದ ಓವರ್‌ಹಾಲ್ ಆಗುತ್ತಿದ್ದುದು ಬೆಂಗಳೂರಿಗೆ ಬಂದ ಮೇಲೆ. ನಡುವಿನ ಸುಮಾರು 1500 ಕಿಲೋಮೀಟರ್ ದಾರಿಯಲ್ಲಿ ಅವನ್ನು ಹಾರಿಸಿ ತಂದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ. ಲಿಬರೇಟರನ್ನು ಅವರು ಹಿಂದೆಂದೂ ನಡೆಸಿರಲಿಲ್ಲ. ಕೈಪಿಡಿ ಓದಿಕೊಂಡು, ಯಾರೋ ಬೇಕೆಂದೇ ಮುರಿದು ಬೇರೆ ಯಾರೋ ಕೂಡಿಸಿದ ನಾಲ್ಕು ಎಂಜಿನ್ನಿನ ಬಾಂಬರನ್ನು ನೆಲದಿಂದ ಮೇಲೆತ್ತುವುದೆಂದರೆ ಎಂಥ ಎದೆಗಾರಿಕೆ! ಮುನ್ಷಿಯವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಧೈರ್ಯವೊಂದರಿಂದಲೇ ಆದ ಕೆಲಸವಲ್ಲ ಇದು. ಯುದ್ಧಕಾಲದಲ್ಲಿ ಬೆಂಗಳೂರಿನ ಕಾರ್ಖಾನೆ ಅಮೆರಿಕನ್ ವಾಯುಪಡೆಯ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗಿಳಿದು ಅಲ್ಲಿಂದ ಕಾರ್ಖಾನೆಗೆ ಬರುತ್ತಿದ್ದವು. ಕ್ಯಾಟಲಿನಾ, ಡಕೋಟಾ, ಲಿಬರೇಟರ್ ಮೂರಕ್ಕೂ ಇದ್ದದ್ದು ಒಂದೇ ಕುಲದ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್, 14 ಸಿಲಿಂಡರು, ಸುಮಾರು 1200 ಅಶ್ವಶಕ್ತಿ. ಅದರ ಒಳಹೊರಗು ಬೆಂಗಳೂರಿನ ಮೆಕ್ಯಾನಿಕ್ಕುಗಳಿಗೆ ಬಾಯಿಪಾಠವಾಗಿತ್ತು. ಮರಳು ಬಿದ್ದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದದ್ದನ್ನು ತೆಗೆದು, ಮತ್ತೆ ಕೂಡಿಸುವುದು ಅವರಿಗೆ ದಿನನಿತ್ಯದ ಕೆಲಸ. ಹೀಗೆ ನಲವತ್ತರ ಆಸುಪಾಸು ವಿಮಾನಗಳು ಮತ್ತೆ ಹಾರಿದವು. 1948ರ ನವೆಂಬರಿನಲ್ಲೇ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರುಗಳೊಂದಿಗೆ ಸಜ್ಜಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಇವುಗಳಿಂದ ಕಡಲ ಕಾವಲು ನಡೆಸಿತು. ಸುಮಾರು ಇಪ್ಪತ್ತು ವರ್ಷ ದುಡಿದು ನಿವೃತ್ತವಾದ ಮೇಲೂ ಕೆಲವು ತಮ್ಮದೇ ರೆಕ್ಕೆಯ ಮೇಲೆ ಕೆನಡಾ, ಅಮೆರಿಕ, ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಿಗೆ ಹಾರಿಹೋದವು. ಜಗತ್ತಿನಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವಕ್ಕೆ ಬೆಂಗಳೂರಿನ ಕೈಸ್ಪರ್ಶವಿದೆ.

ಹಾಗಾದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿರುವ ಎಚ್‌ಎಫ್-24 ಮಾರುತ ಜೆಟ್ಟನ್ನೂ ಹೀಗೇ ಹಾರಿಸಬಹುದಲ್ಲವೇ? ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಉತ್ತರ ಮಾತ್ರ ಸುಲಭವಲ್ಲ.

ಹಳೆಯದನ್ನು ಉಳಿಸುವುದೇ ಒಂದು ಕೆಲಸ, ಹಾರಿಸುವುದೇ ಇನ್ನೊಂದು. ಹೆಡತಲೆಯ ಲಕ್ಷ್ಮೀಕಾಂತ ದೇವಾಲಯದ ಒಂದು ಕಂಬ ಸೀಳಿತೆಂದರೆ ಪಕ್ಕದಲ್ಲಿ ಊರೆ ಕೊಟ್ಟು ನಿಲ್ಲಿಸಬಹುದು. ಗುಡಿ ಉಳಿಯುತ್ತದೆ, ಭಕ್ತರು ಬರುತ್ತಾರೆ. ಗಾಳಿಯಲ್ಲಿ ತಿರುಗುವಾಗ ತನ್ನ ತೂಕದ ಹಲವು ಪಟ್ಟು ಭಾರ ಹೊರುವ ರೆಕ್ಕೆಗೆ ಊರೆ ಕೊಡುವವರಿಲ್ಲ. ಅಲ್ಯೂಮಿನಿಯಂ ಹಾಳೆಗಳ ಸಂದಿಯಲ್ಲಿ ಮಳೆನೀರು ನಿಂತರೆ ಲೋಹ ಪದರ ಪದರವಾಗಿ ಉಬ್ಬಿ ಏಳುತ್ತದೆ. ಮೇಲಿನ ಬಣ್ಣ ನೋಡಿದವರಿಗೆ ಅದು ತಿಳಿಯುವುದೇ ಇಲ್ಲ. ಪದೇ ಪದೇ ಬಾಗಿದ ಲೋಹದಲ್ಲಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಅವನ್ನು ಹುಡುಕಲು ಬಣ್ಣದ ದ್ರವ ಸವರಿ ನೋಡಬೇಕು, ಶ್ರವಣಾತೀತ ತರಂಗ ಹಾಯಿಸಬೇಕು, ಎಕ್ಸ್-ರೇ ಹಿಡಿಯಬೇಕು. ರಬ್ಬರಿನ ಕೊಳವೆ, ಸೀಲುಗಳು ನಿಂತಲ್ಲೇ ಒಣಗಿ ಸೀಳುತ್ತವೆ. ಪೈಲಟ್ಟನ್ನು ಆಸನ ಸಮೇತ ಹೊರಕ್ಕೆಸೆಯುವ ಸಿಡಿಮದ್ದಿಗೂ ವಾಯಿದೆಯುಂಟು.

ಜೆಟ್ ಎಂಜಿನ್ ಇನ್ನೂ ನಿಷ್ಠುರ. ಮಾರುತದಲ್ಲಿದ್ದದ್ದು ಎರಡು ಆರ್ಫಿಯಸ್ ಎಂಜಿನ್. ಅದರ ಚಕ್ರ ಕೆಂಪಗೆ ಕಾದ ಅನಿಲದ ನಡುವೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಪ್ರತಿ ಚಕ್ರಕ್ಕೂ ಇಷ್ಟು ಗಂಟೆ, ಇಷ್ಟು ಸಲ ಚಾಲೂ ಎಂದು ಆಯಸ್ಸು ಗೊತ್ತುಮಾಡಿರುತ್ತಾರೆ. ಎಷ್ಟು ಖರ್ಚಾಗಿದೆ ಎಂಬುದು ತಿಳಿಯುವುದು ಲಾಗ್‌ಪುಸ್ತಕದಿಂದ ಮಾತ್ರ. ಪುಸ್ತಕ ಕಳೆದುಹೋಗಿದ್ದರೆ ಥಳಥಳಿಸುವ ಚಕ್ರವನ್ನೂ ಆಯಸ್ಸು ಮುಗಿದದ್ದೆಂದೇ ಲೆಕ್ಕ ಹಿಡಿದು ಪಕ್ಕಕ್ಕಿಡಬೇಕು. ಸುತ್ತಿಗೆ, ಸ್ಪ್ಯಾನರುಗಳಷ್ಟೇ ಮುಖ್ಯ ಆ ಕಾಗದ. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಶ್ರಮಿಸಿ 2007ರಲ್ಲಿ ಮತ್ತೆ ಹಾರಿಸಿದ ವಲ್ಕನ್ ಬಾಂಬರಿನ ಎರಡು ಎಂಜಿನ್ನುಗಳು 2012ರ ಮೇ ತಿಂಗಳಲ್ಲಿ ಕೆಲವೇ ಕ್ಷಣಗಳಲ್ಲಿ ನಾಶವಾದವು. ತೇವ ಹೀರಲೆಂದು ಗಾಳಿ ಒಳಹೋಗುವ ದಾರಿಯಲ್ಲಿ ಇಟ್ಟಿದ್ದ ಸಿಲಿಕಾ ಜೆಲ್ ಚೀಲಗಳನ್ನು ತೆಗೆಯಲು ಮರೆತದ್ದೇ ಕಾರಣ.

ಅಪಘಾತವಾದ ಜೆಟ್ಟಿನ ಪಾಡಂತೂ ಕೇಳಬೇಡಿ. ಜಗತ್ತಿನಲ್ಲಿ ಹಾರುತ್ತಿದ್ದ ಒಂದೇ ಒಂದು ಸೀ ವಿಕ್ಸನ್, ಬ್ರಿಟಿಷ್ ನೌಕಾಪಡೆಯ ಹಳೆಯ ಯುದ್ಧವಿಮಾನ, 2017ರ ಮೇ 27ರಂದು ಯೋವಿಲ್ಟನ್ ನೆಲೆಯಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟು ಚಕ್ರ ಇಳಿಯದೇ ಹೋಗಿತ್ತು. ಪೈಲಟ್ ಸೈಮನ್ ಹಾರ್ಗ್ರೀವ್ಸ್ ಎಷ್ಟು ನಾಜೂಕಾಗಿ ಇಳಿಸಿದರೆಂದರೆ ಅವರಿಗೆ ಗಾಯವೇ ಆಗಲಿಲ್ಲ, ವಿಮಾನವೂ ಇಡಿಯಾಗಿಯೇ ಕಾಣುತ್ತಿತ್ತು. ಬಿಚ್ಚಿ ನೋಡಿದಾಗ ರಿಪೇರಿಯ ಲೆಕ್ಕ ಲಕ್ಷಾಂತರ ಪೌಂಡುಗಳಿಗೇರಿತು. ಅದು ಮತ್ತೆ ಹಾರಲಿಲ್ಲ.

ಮಾರುತದ ವಿಷಯದಲ್ಲಿ ನನ್ನ ಮನಸ್ಸು ಸ್ವಲ್ಪ ಭಾರವಾಗುತ್ತದೆ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳೊಂದಿಗೆ ಕೂತು ರೂಪಿಸಿದ ವಿಮಾನ ಅದು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾಕ್ಕೆ ಕಟ್ಟಿ ಮೇಲೇರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಜೆಟ್ಟನ್ನೇ ಹಾರಿಸಿದರು. 1970ರ ಜನವರಿಯಲ್ಲಿ ಮಾರುತದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗಲೇ ಅವರು ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ಒಟ್ಟು 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಇಂದು ಒಂದೂ ಹಾರುವುದಿಲ್ಲ. ಆರ್ಫಿಯಸ್ ಕುಲದ ಎಂಜಿನ್ನು ಕಿರಣ್ ತರಬೇತಿ ವಿಮಾನದ ಎರಡನೆಯ ಮಾದರಿಯಲ್ಲೂ ಇರುವುದರಿಂದ ಎಂಜಿನ್ನಿನ ದಾರಿ ಪೂರ್ತಿ ಮುಚ್ಚಿಲ್ಲ. ದಶಕಗಳ ಬಿಸಿಲುಮಳೆ ತಿಂದ ದೇಹ ಎಷ್ಟು ಭಾರ ತಡೆಯುತ್ತದೆ ಎಂದು ಸಹಿ ಹಾಕಿ ಹೇಳುವವರು ಯಾರು? ಮಾರುತವನ್ನು ಕಟ್ಟಿದ ತಲೆಮಾರು ಕರಗುತ್ತಿದೆ. ಬಿಡಿಭಾಗ ಹೆಕ್ಕಲು ಕಾನ್ಪುರದಂಥ ಹಿಂಡೂ ಇಲ್ಲ.

ಆಗಲೇಬೇಕೆಂದರೆ ಆಗುತ್ತದೆ ಎಂಬುದಕ್ಕೆ ‘ಪರಶುರಾಮ’ ಹೆಸರಿನ ಡಕೋಟಾ ಸಾಕ್ಷಿ. ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ಟಾಗಿದ್ದ ತಂದೆಯ ಗೌರವಾರ್ಥ, ಗುಜರಿ ಸೇರಿದ್ದ ಅದನ್ನು ಕೊಂಡು ಇಂಗ್ಲೆಂಡಿನಲ್ಲಿ ಸರಿಪಡಿಸಿ ವಾಯುಪಡೆಗೆ ಕೊಟ್ಟರು. 2018ರ ಏಪ್ರಿಲಿನಲ್ಲಿ ಅದು ಹಾರಿಕೊಂಡೇ ಭಾರತಕ್ಕೆ ಬಂತು. ಅದು ಪಿಸ್ಟನ್ ವಿಮಾನ, ಬಿಡಿಭಾಗಗಳು ಇಂದಿಗೂ ದೊರೆಯುವ ಮಾದರಿ.

ಜೆಟ್ಟಿನ ಮಟ್ಟಿಗೆ ನಮಗೆ ಉಳಿದಿರುವ ಒಳ್ಳೆಯ ಅವಕಾಶ ಕಿರಣ್. 1964ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿ, ಬೀದರಿನ ಸೂರ್ಯಕಿರಣ್ ವೈಮಾನಿಕ ಕಸರತ್ತಿನ ತಂಡದಿಂದ ಮನೆಮಾತಾದ ಈ ವಿಮಾನ ಈಗ ಹಂತಹಂತವಾಗಿ ಸೇವೆಯಿಂದ ಹೊರಬೀಳುತ್ತಿದೆ. ಅದನ್ನು ಬಿಚ್ಚಿ ಕೂಡಿಸಿದವರು ನಮ್ಮ ನಡುವೆಯೇ ಇದ್ದಾರೆ, ಲಾಗ್‌ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ. ಆಯಸ್ಸು ಮಿಕ್ಕಿರುವ ಎರಡು ಮೂರು ಕಿರಣ್‌ಗಳನ್ನು ಎಂಜಿನ್, ಉಪಕರಣ, ಕಾಗದಪತ್ರಗಳ ಸಮೇತ ಒಣ ಶೆಡ್ಡಿನಲ್ಲಿ ಇಟ್ಟು, ಕಾಲಕಾಲಕ್ಕೆ ಎಂಜಿನ್ ಚಾಲೂ ಮಾಡುತ್ತಾ, ಹಳಬರ ಪಕ್ಕದಲ್ಲಿ ಐ.ಟಿ.ಐ. ಮುಗಿಸಿದ ಹುಡುಗ ಹುಡುಗಿಯರನ್ನು ನಿಲ್ಲಿಸಬೇಕು. ಅವನ್ನು ಕಂಬದ ಮೇಲೇರಿಸಿ ಬಣ್ಣ ಬಳಿಯುವ ಮೊದಲೇ ಈ ನಿರ್ಧಾರ ಆಗಬೇಕು.