ಹಳೇ ಪಿಕಪ್‌ಗೆ ಬೇರೆ ಎಂಜಿನ್

ಅಮೆರಿಕದ ಈ ಶೆವರ್ಲೆ ಸಿ10 ಪಿಕಪ್ 1970ರದ್ದು.
ಇದಕ್ಕೆ 2003ರ ಎಂಜಿನ್ ಕೂರುತ್ತಾ?

ಕೂರುತ್ತೆ!
ಗುಜರಿಗೆ ಬಂದ ಸಿಲ್ವರಾಡೊ ಪಿಕಪ್‌ನಿಂದ
5.3 ಲೀಟರ್ ವಿ8 ಇಳಿಸ್ತಾರೆ.

ಆದರೆ ಮೊದಲು ಚಾಸಿ ನೋಡಿ.
ತುಕ್ಕು ತಿಂದಿದ್ರೆ, ಎಂಜಿನ್ ಮಾತು ಆಮೇಲೆ.

ಕೂರಿಸೋಕೆ ಪ್ಲೇಟು ರೆಡಿಯಾಗೇ ಸಿಗುತ್ತೆ.
ಕಷ್ಟ ಇರೋದು ಪೆಟ್ರೋಲ್ ಲೈನಲ್ಲಿ.

ಹಳೇ ಕಾರ್ಬುರೇಟರ್‌ಗೆ ಸುಮಾರು 6 ಪಿಎಸ್‌ಐ ಒತ್ತಡ ಸಾಕು.
2003ರ ಎಂಜಿನ್ನಿನ ಇಂಜೆಕ್ಟರ್‌ಗೆ 58 ಬೇಕು!

ಗಿಡದ ಬುಡಕ್ಕಾದ್ರೆ ಚೊಂಬಲ್ಲಿ ನೀರು ಹಾಕಬಹುದು.
ಅಡಿಕೆ ಗೊನೆಗೆ ಔಷಧಿ ಹೊಡೆಯೋಕೆ
ಪಂಪೇ ಬೇಕಲ್ವಾ?
ಹಾಗೇನೇ ಇದು.

ಅದಕ್ಕೇ ಎಲೆಕ್ಟ್ರಿಕ್ ಪಂಪ್, ಹೊಸ ಪೈಪ್.
ಜೊತೆಗೆ ಆ ಎಂಜಿನ್ನಿನದೇ ಕಂಪ್ಯೂಟರ್, ವೈರಿಂಗ್.
ಅವನ್ನ ಬಿಟ್ಟು ಬಂದ್ರೆ ಸ್ಟಾರ್ಟೇ ಆಗಲ್ಲ.

ಬಾಡಿಯ ಮಾಸಿದ ಬಣ್ಣ?
ದಯವಿಟ್ಟು ಹಾಗೇ ಬಿಡಿ.
ನನಗಂತೂ ಅದೇ ಇಷ್ಟ.

ಈಗ ಕೀ ತಿರುಗಿಸಿ…
ಕೇಳಿಸ್ತಾ?