‘ಪ್ಯಾರನೋಯಾ’ ಎಂಬ ಶಬ್ದ

ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ತನ್ನ ಪೆನ್ನು ಕಾಣದಾಗಲು ಪಕ್ಕದವನ ಚೀಲವನ್ನು ಶೋಧಿಸತೊಡಗಿದನು. “ಸರ್, ಇವನಿಗೆ ಪ್ಯಾರನೋಯಾ!” ಎಂದು ಪಕ್ಕದವನು ಕೂಗಿದನು, ತರಗತಿಯೆಲ್ಲ ನಕ್ಕಿತು. ಅರ್ಥವೇನೆಂದು ಕೇಳಿದರೆ, “ವಿಪರೀತ ಸಂಶಯ, ಸರ್” ಎಂದನು. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿದ ನಾನು ಇಂಗ್ಲಿಷ್ ಶಬ್ದಗಳನ್ನು ನಿಘಂಟು ನೋಡದೆ ನಂಬುವವನಲ್ಲ. (ಇದೂ ಒಂದು ಬಗೆಯ ಸಂಶಯವೇ ಸರಿ.)

ಶಬ್ದವು ಮೂಲತಃ ಗ್ರೀಕ್ ಭಾಷೆಯದು. ‘ಪ್ಯಾರಾ’ ಎಂದರೆ ಪಕ್ಕಕ್ಕೆ, ಆಚೆಗೆ. ‘ನೂಸ್’ ಎಂದರೆ ಬುದ್ಧಿ. ಬುದ್ಧಿಯು ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದೇ ಅದರ ಅರ್ಥ. ಪ್ರಾಚೀನ ಗ್ರೀಕರು ಬುದ್ಧಿಭ್ರಮಣೆಯನ್ನೆಲ್ಲ ಹೀಗೆ ಕರೆಯುತ್ತಿದ್ದರು. ಸಂಶಯವೆಂಬ ವಿಶೇಷಾರ್ಥವು ಆಗ ಅದಕ್ಕಿರಲಿಲ್ಲ. 1818ರಲ್ಲಿ ಜರ್ಮನಿಯ ಹೈನ್‌ರೋಥ್ ಎಂಬ ವೈದ್ಯನು ಅದನ್ನು ಮನೋವೈದ್ಯದಲ್ಲಿ ಬಳಸಿದನು. ಆ ಶತಮಾನದ ಕೊನೆಗೆ ಎಮಿಲ್ ಕ್ರೇಪೆಲಿನ್‌ನು ಅದರ ಎಲ್ಲೆಯನ್ನು ಕಿರಿದುಗೊಳಿಸಿದನು: ಮಿಥ್ಯಾನಂಬಿಕೆಯೊಂದು ಮೆಲ್ಲಗೆ ಬೇರೂರಿ ಕದಲದೆ ನಿಲ್ಲುತ್ತದೆ, ಆದರೆ ರೋಗಿಯ ವಿಚಾರಸರಣಿ ಮಾತ್ರ ಸ್ಪಷ್ಟವಾಗಿಯೂ ಕ್ರಮಬದ್ಧವಾಗಿಯೂ ಉಳಿಯುತ್ತದೆ.

ಇಲ್ಲಿಯೇ ಆಶ್ಚರ್ಯವಿರುವುದು. ಈ ರೋಗಿಗೆ ತರ್ಕದ ಕೊರತೆಯಿಲ್ಲ. ಡ್ಯಾನಿಯಲ್ ಪೌಲ್ ಶ್ರೇಬರ್ ಎಂಬ ಜರ್ಮನ್ ನ್ಯಾಯಾಧೀಶನು 1893ರಲ್ಲಿ ಉನ್ನತ ಪದವಿಗೇರಿದ ಕೆಲಕಾಲದಲ್ಲಿಯೇ ಅಸ್ವಸ್ಥನಾದನು. ತನಗೆ ಚಿಕಿತ್ಸೆ ನೀಡಿದ ವೈದ್ಯನೇ ತನ್ನ ಆತ್ಮವನ್ನು ಕೊಲ್ಲಲು ಸಂಚು ಹೂಡಿರುವನೆಂದು ನಂಬಿದನು. ಅಂಥವನು ನ್ಯಾಯಾಲಯದಲ್ಲಿ ತನ್ನ ಪಕ್ಷವನ್ನು ತಾನೇ ಸಮರ್ಥವಾಗಿ ಮಂಡಿಸಿ, ಆ ನಂಬಿಕೆಗಳನ್ನು ಬಿಡದೆಯೇ, 1902ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದನು! ಮರುವರ್ಷ ಪ್ರಕಟವಾದ ಅವನ ಆತ್ಮಕಥನವನ್ನೋದಿ, ಅವನನ್ನು ಕಾಣದೆಯೇ, ಫ್ರಾಯ್ಡ್‌ನು 1911ರಲ್ಲಿ ಪ್ರಸಿದ್ಧವಾದ ಪ್ರಬಂಧವನ್ನು ಬರೆದನು.

ನಮ್ಮ ‘ಅನುಮಾನ’ ಶಬ್ದವನ್ನು ಇದರೊಡನೆ ನೋಡಬೇಕು. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯುಂಟೆಂದು ನಿರ್ಣಯಿಸುವ ಜ್ಞಾನಮಾರ್ಗ. ಆಡುಗನ್ನಡದಲ್ಲಿ ಅದೇ ಶಬ್ದವು ಶಂಕೆಯಾಯಿತು. ಮಂಜನ್ನು ಹೊಗೆಯೆಂದು ಬಗೆದವನೂ ಬೆಂಕಿಯನ್ನು ‘ಅನುಮಾನಿಸುತ್ತಾನೆ’ ತಾನೆ?

ನಾನು ಮುಂಬಯಿಗೆ ಬಂದ ಹೊಸತರಲ್ಲಿ, ನಮ್ಮ ಚಾಳಿನ ಪಕ್ಕದ ಖೋಲಿಯವರು ನಾನು ಮನೆಗೆ ಬಂದೊಡನೆ ಮಾತು ತಗ್ಗಿಸುತ್ತಿದ್ದರು. ಮರಾಠಿ ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಪರಊರಿನವನಾದ ನನ್ನನ್ನು ಹೊರಹಾಕಿಸಲು ಮಾಲಕನಿಗೆ ದೂರು ಕೊಡುವ ಆಲೋಚನೆ ನಡೆದಿದೆಯೆಂದು ತಿಳಿದು ಎರಡು ತಿಂಗಳು ಅವರಿಗೆ ಮುಖ ಕೊಡಲಿಲ್ಲ. ಗಣೇಶ ಚತುರ್ಥಿಯಂದು ಆ ಮನೆಯ ಅಜ್ಜಿ ಮೋದಕದ ತಟ್ಟೆಯೊಡನೆ ಬಂದು, “ಮಾಸ್ತರರು ಪೇಪರು ತಪಾಸಿಸುವಾಗ ಗದ್ದಲ ಮಾಡಬೇಡಿರೆಂದು ಮಕ್ಕಳಿಗೆ ಹೇಳಿದ್ದೇನೆ” ಎಂದರು. ನನ್ನ ಅನುಮಾನ ಅಲ್ಲಿಗೆ ಕರಗಿತು. ನಿಜವಾದ ರೋಗಿಗಾದರೋ ಆ ಮೋದಕವೂ ಸಂಚಿನ ಭಾಗವಾಗಿಯೇ ತೋರಬಹುದಿತ್ತು. ಅವನ ಯಾತನೆಯನ್ನು ನೆನೆದರೆ ಈ ಶಬ್ದವನ್ನು ತಮಾಷೆಗೆ ಎಸೆಯಲು ಮನಸ್ಸು ಬಾರದು. ಅಮೆರಿಕದ ಮನೋವೈದ್ಯರ ಕೈಪಿಡಿಯು 1987ರಲ್ಲಿ ಈ ರೋಗಕ್ಕೆ ‘ಡೆಲ್ಯೂಷನಲ್ ಡಿಸಾರ್ಡರ್’ ಎಂಬ ಹೆಸರನ್ನಿಟ್ಟಿತು. ಹಳೆಯ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿತು.

ಅಂದಹಾಗೆ, ಪೆನ್ನು ಆ ಹುಡುಗನ ಕಂಪಾಸು ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಅವನು ನಾಚಿ, ಪಕ್ಕದವನ ಪುಸ್ತಕಗಳನ್ನೆಲ್ಲ ತಾನೇ ಚೀಲದಲ್ಲಿ ಜೋಡಿಸಿಟ್ಟನು.