ಕಂಪ್ಯೂಟರಿನೊಳಗೊಂದು ತೇರು

ಚಿತ್ರದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಬರುವಾಗ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಅಜ್ಜಿಯರ ಬಾಯಲ್ಲಿ ಅವು ‘ಫ್ಯಾನು’. ಇಂಥ ಯಂತ್ರಗಳ ಕೆಲವು ಮಾದರಿಗಳಲ್ಲಿ ಕರೆಂಟು ಹುಟ್ಟಿಸಲು ಬಲು ಗಟ್ಟಿ ಅಯಸ್ಕಾಂತ ಬೇಕು. ಅದರಲ್ಲಿ ಕಬ್ಬಿಣ, ಬೋರಾನ್‌ಗಳ ಜೊತೆ ನಿಯೋಡಿಮಿಯಂ ಎಂಬ ಲೋಹವಿರುತ್ತದೆ.

ನಿಯೋಡಿಮಿಯಂ 17 ವಿರಳ ಭೂಲೋಹಗಳಲ್ಲೊಂದು. ವಿರಳ ಎನ್ನುವುದು ಹೆಸರಿಗಷ್ಟೇ. ಇದೇ ಗುಂಪಿನ ಸೀರಿಯಂ ನೆಲದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟಿದೆ. ಕೇರಳ, ಒಡಿಶಾ ಕಡಲತೀರದ ಮರಳಿನಲ್ಲೂ ಈ ಲೋಹಗಳಿವೆ. ಕಷ್ಟವಿರುವುದು ಒಂದರಿಂದ ಇನ್ನೊಂದನ್ನು ಬಿಡಿಸುವುದರಲ್ಲಿ. 1841ರಲ್ಲಿ ಸಿಕ್ಕ ‘ಡಿಡಿಮಿಯಂ’ ಅನ್ನು ನಾಲ್ಕು ದಶಕ ಒಂದೇ ಲೋಹವೆಂದು ನಂಬಿದ್ದರು. 1885ರಲ್ಲಿ ಆಸ್ಟ್ರಿಯಾದ ಕಾರ್ಲ್ ಆವರ್ ಅದನ್ನು ಬಿಡಿಸಿದಾಗ ಒಳಗಿದ್ದವು ಎರಡು: ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ!

ಆಮ್ಲದಲ್ಲಿ ಕರಗಿದಾಗ ಇವುಗಳ ಪರಮಾಣು ಮೂರು ಎಲೆಕ್ಟ್ರಾನು ಕಳೆದುಕೊಂಡು ಅಯಾನು ಆಗುತ್ತದೆ. ಇವೆರಡರ ಅಯಾನುಗಳ ಗಾತ್ರದಲ್ಲಿ ನೂರಕ್ಕೆ ಒಂದರ ಆಸುಪಾಸು ಮಾತ್ರ ವ್ಯತ್ಯಾಸ. ಹಾಗಾಗಿ ಕಾರ್ಖಾನೆಯಲ್ಲಿ ಆಮ್ಲದ ನೀರನ್ನು ಸೀಮೆಎಣ್ಣೆಯಂಥ ದ್ರಾವಕದೊಂದಿಗೆ ಮತ್ತೆ ಮತ್ತೆ, ಕೆಲವೊಮ್ಮೆ ನೂರಾರು ಸಲ ಕಲಕಬೇಕು. ದ್ರಾವಕದಲ್ಲಿರುವ ‘ಹಿಡುಕ’ ಅಣು ಒಂದು ಲೋಹವನ್ನು ಇನ್ನೊಂದಕ್ಕಿಂತ ತುಸು ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ. ಕೊಳಕು ನೀರು ಮಾತ್ರ ರಾಶಿ ರಾಶಿ. ಒಳ್ಳೆಯ ಹಿಡುಕ ಸಿಕ್ಕರೆ ಇಷ್ಟು ಆಮ್ಲ ಸುರಿಯಬೇಕಿಲ್ಲ. ಅದನ್ನು ಹುಡುಕಲು ಕಂಪ್ಯೂಟರ್ ಬೇಕು.

ತೇರುಮಲ್ಲೇಶ್ವರನ ಜಾತ್ರೆ ನೆನಪಿಸಿಕೊಳ್ಳಿ. ಅಯಾನು ತೇರು, ನೀರಿನ ಅಣುಗಳು ಜನ. ದೊಡ್ಡ ಅಯಾನಿನ ಸುತ್ತ ಒಂಬತ್ತು ಅಣು ಒತ್ತಿ ನಿಲ್ಲುತ್ತವೆ. ಚಿಕ್ಕದಾದರೆ ಎಂಟಕ್ಕೇ ಜಾಗ. ಯಾರು ಯಾರನ್ನು ಎಷ್ಟು ಎಳೆಯುತ್ತಾರೆ, ತಳ್ಳುತ್ತಾರೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ಎಲ್ಲರನ್ನೂ ಒಂದು ಚೂರು ಸರಿಸಿ, ಮತ್ತೆ ಲೆಕ್ಕ ಹಾಕುತ್ತದೆ. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಚೂರು ಮಾಡಿದರೆ ಸಿಗುವ ಒಂದು ಚೂರೇ ಇಲ್ಲಿ ಒಂದು ಹೆಜ್ಜೆ! ಕೋಟಿ ಹೆಜ್ಜೆ ನಡೆದರೂ ಸೆಕೆಂಡಿನ ಒಂದು ಎಳೆಯೂ ಮುಗಿದಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ‘ಪರಮ ಪ್ರವೇಗ’ದಂಥ ಮಹಾಗಣಕಗಳು ಇಂಥ ಕೆಲಸಕ್ಕೆ ಹೇಳಿಮಾಡಿಸಿದಂಥವು.

ಈ ದಾರಿ ತೋರಿದವರಲ್ಲಿ ಮುಖ್ಯರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್. 1964ರಲ್ಲಿ ಅಮೆರಿಕದಲ್ಲಿ ಅವರು 864 ಆರ್ಗಾನ್ ಪರಮಾಣುಗಳನ್ನು ಹೀಗೆಯೇ ಕಂಪ್ಯೂಟರಿನಲ್ಲಿ ಓಡಾಡಿಸಿದರು.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ಮತ್ತು ಅವುಗಳಿರುವ ಅಯಸ್ಕಾಂತಗಳ ರಫ್ತಿಗೆ ಬಿಗಿ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳೂ ಪೇಚಿಗೆ ಬಿದ್ದವು. ಹಾಗಾಗಿ ಈ ಹುಡುಕಾಟಕ್ಕೀಗ ಅವಸರ.

ಆದರೆ ಕಂಪ್ಯೂಟರ್ ಹೇಳಿದ್ದೆಲ್ಲ ನಿಜವಲ್ಲ. ಎಳೆತದ ಸೂತ್ರ ಚೂರು ತಪ್ಪಿದರೂ ಎಂಟಿದ್ದಲ್ಲಿ ಒಂಬತ್ತು ಬಂದೀತು. ಅದಕ್ಕೇ ನಿಜವಾದ ದ್ರಾವಣಕ್ಕೆ ಎಕ್ಸ್-ರೇ ಹಾಯಿಸಿ ತಾಳೆ ನೋಡುತ್ತಾರೆ. ಹೊಂದದಿದ್ದರೆ ಸೂತ್ರ ತಿದ್ದಿ, ಜಾತ್ರೆ ಮತ್ತೆ ಮೊದಲಿಂದ.